ಚಿತ್ರ ಬರೆದವಳ ಕೂಲಿ

ನೌಕರಿ ಬಿಡಲೋ ಬೇಡವೋ ಎಂದು ತೊಳಲಾಡುತ್ತಿದ್ದಾಗ ಗೆಳತಿಯೊಬ್ಬಳು ನನ್ನ ಮುಂದೆ ಟ್ಯಾರೋ ಕಾರ್ಡುಗಳನ್ನು ಹರಡಿದಳು. ನಾನು ಎತ್ತಿದ ಎಲೆಯಲ್ಲಿ ಕುಶಲಕರ್ಮಿಯೊಬ್ಬ ಕುಳಿತು ನಾಣ್ಯದಂಥ ಎಂಟು ಬಿಲ್ಲೆಗಳನ್ನು ಕೆತ್ತುತ್ತಿದ್ದ. ‘ಮೈಮುರಿದು ದುಡಿ, ಹಣ ತಾನಾಗಿ ಬರುತ್ತೆ’ ಎಂದಳು. ನನಗೆ ಫಲಕ್ಕಿಂತ ಆ ಚಿತ್ರದ ಹಿನ್ನೆಲೆ ತಿಳಿಯುವ ಕುತೂಹಲ ಹೆಚ್ಚಾಯಿತು.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಆಟಕ್ಕಾಗಿ. ಮಿಲಾನಿನ ಅರಸುಮನೆತನದವರು ಚಿನ್ನದ ರೇಕು ಹಚ್ಚಿದ ಎಲೆಗಳನ್ನು ಬರೆಸಿಕೊಂಡಿದ್ದರು. ಇಸ್ಪೀಟಿನಂತೆ ಇದರಲ್ಲೂ ನಾಲ್ಕು ಗುಂಪುಗಳಿದ್ದು, ಒಂದಕ್ಕೆ ನಾಣ್ಯದ ಗುರುತು. ಅದು ಆಟದ ಗುರುತು, ಅಷ್ಟೇ. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬಲೆನ್ ಎಂಬ ವಿದ್ವಾಂಸ, ಇವುಗಳಲ್ಲಿ ಪ್ರಾಚೀನ ಈಜಿಪ್ಟಿನ ಜ್ಞಾನ ಅಡಗಿದೆ ಎಂದು ಆಧಾರವಿಲ್ಲದೆ ಬರೆದ. ಆಮೇಲೆ ಕಣಿ ಹೇಳುವವರ ಕೈಯಲ್ಲಿ ಇವಕ್ಕೆ ಬೇಡಿಕೆ ಬೆಳೆಯಿತು.

ನಾನು ಎತ್ತಿದ ಎಲೆಯನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. 1909ರಲ್ಲಿ ಎ. ಇ. ವೇಟ್ ಅವರಿಗಾಗಿ ಇಡೀ 78 ಎಲೆಗಳ ಚಿತ್ರ ಬರೆದುಕೊಟ್ಟರು. ಬಹಳ ದೊಡ್ಡ ಕೆಲಸಕ್ಕೆ ತೀರಾ ಕಡಿಮೆ ಹಣ ಸಿಕ್ಕಿತೆಂದು ಅದೇ ವರ್ಷ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಪತ್ರ ಬರೆದಿದ್ದರು. ಆ ಕಟ್ಟಿಗೆ ಬಹುಕಾಲ ಅಂಟಿಕೊಂಡದ್ದು ಪ್ರಕಾಶಕ ರೈಡರ್ ಮತ್ತು ವೇಟ್ ಹೆಸರುಗಳು. ಪಮೇಲಾ 1951ರಲ್ಲಿ ಸಾಲ ಉಳಿಸಿಯೇ ತೀರಿಕೊಂಡರು.

ಲಕ್ಷಾಂತರ ಜನ ಹಣದ ಪ್ರಶ್ನೆ ಹಿಡಿದು ನೋಡುವ ಚಿತ್ರಗಳನ್ನು ಬರೆದ ಕೈಗೇ ಹಣ ಸೇರಲಿಲ್ಲ. ಹಾಗಾದರೆ ದುಡಿದರೆ ಸಾಲದು, ಕೂಲಿಯನ್ನು ಬಾಯಿಬಿಟ್ಟು ಕೇಳಲೂ ಬೇಕು. ಮರುದಿನ ನಾನು ರಾಜೀನಾಮೆ ಕೊಡಲಿಲ್ಲ. ಮೇಲಧಿಕಾರಿಯ ಕೋಣೆಗೆ ಹೋಗಿ ಸಂಬಳದ ಮಾತೆತ್ತಿದೆ.