ಅಳತೆ ತಪ್ಪದ ಮಾತು: ಶಾಸಕ ಶಾಂತವೇರಿ ಗೋಪಾಲಗೌಡರು

ಶಾಸನಸಭೆಯಲ್ಲಿ ಕೊನೆಗೆ ಎಣಿಕೆಗೆ ಬರುವುದು ಮತ. ಆದರೆ ಮೊದಲು ತೂಕಕ್ಕೆ ಬರುವುದು ಮಾತು. ಸಂಖ್ಯೆಯಲ್ಲಿ ಸೋತವನ ಮಾತು ಸತ್ಯದ ಆಧಾರದ ಮೇಲೆ ನಿಂತಿದ್ದರೆ, ಅದು ಕಾಲಾಂತರದಲ್ಲಿ ಗೆದ್ದವರ ಕೈಯಿಂದಲೇ ಶಾಸನವಾಗಿ ಹೊರಬರುವುದುಂಟು. ಇದಕ್ಕೆ ಕನ್ನಡನಾಡಿನ ಇತಿಹಾಸದಲ್ಲಿ ದೊರೆಯುವ ಉಜ್ವಲ ನಿದರ್ಶನ ಶಾಂತವೇರಿ ಗೋಪಾಲಗೌಡರ ಜೀವನ.

ಕೆಂಗೇರಿಯಿಂದ ಮೆಟ್ರೋ ರೈಲಿನಲ್ಲಿ ವಿಧಾನಸೌಧಕ್ಕೆ ಹೋಗುವವರು ಅಲ್ಲಿಗೆ ಸಮೀಪದ ಗೋಪಾಲಗೌಡ ವೃತ್ತದ ಹೆಸರನ್ನು ಕೇಳಿಯೇ ಇರುತ್ತಾರೆ. ಆ ಹೆಸರಿನ ಹಿಂದಿರುವ ವ್ಯಕ್ತಿಯ ಪರಿಚಯ ನಮ್ಮ ತರುಣ ಪೀಳಿಗೆಗೆ ಇರಬೇಕಾದುದು ಅವಶ್ಯ.

ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಸ್ವಾತಂತ್ರ್ಯಾನಂತರ ಸಮಾಜವಾದಿ ಪಕ್ಷವನ್ನು ಸೇರಿ, ಮಲೆನಾಡಿನ ಗೇಣಿದಾರರ ಕಷ್ಟವನ್ನು ತಮ್ಮದಾಗಿಸಿಕೊಂಡರು. ಅವರನ್ನು ನಾಡಿಗೆ ಪರಿಚಯಿಸಿದ್ದು 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನಲ್ಲಿ ಆರಂಭವಾದ ಕಾಗೋಡು ಸತ್ಯಾಗ್ರಹ. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ರೈತರ ಹೋರಾಟಕ್ಕೆ ಸಮಾಜವಾದಿಗಳು ಹೆಗಲುಕೊಟ್ಟರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಈ ಹೋರಾಟದ ಮೂಲದಲ್ಲಿದ್ದ ಒಂದು ವಿಷಯ ವ್ಯಾಪಾರಿಗಳಾದ ನಮ್ಮ ಗಮನಕ್ಕೆ ವಿಶೇಷವಾಗಿ ಬರಬೇಕು. ಅದು ಕೊಳಗದ ಅಳತೆಯ ಪ್ರಶ್ನೆ. ಗೇಣಿಯ ಭತ್ತವನ್ನು ಅಳೆದು ಕೊಳ್ಳುವಾಗ ಭೂಮಾಲೀಕರು ಬಳಸುತ್ತಿದ್ದ ಕೊಳಗವು ನಿಗದಿತ ಅಳತೆಗಿಂತ ದೊಡ್ಡದೆಂಬುದು ರೈತರ ಆಕ್ಷೇಪವಾಗಿತ್ತು. ಪ್ರತಿ ಕೊಳಗದಲ್ಲಿ ಹೋಗುವ ಹೆಚ್ಚುವರಿ ಧಾನ್ಯ ನೋಡಲು ಅಲ್ಪ. ಆದರೆ ವರ್ಷಾಂತ್ಯಕ್ಕೆ ಅದು ಒಂದು ಕುಟುಂಬದ ಊಟ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ನಮ್ಮ ಆಚಾರ್ಯರು ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಕೊಡುವುದಕ್ಕೆ ಕಿರಿದು, ಕೊಳ್ಳುವುದಕ್ಕೆ ಹಿರಿದು ಎಂಬ ಅಳತೆಯ ಮೋಸವನ್ನು ಸೇರಿಸಿದ್ದಾರೆ. ಕಾಗೋಡಿನ ನಿರಕ್ಷರಿ ರೈತರು ಕೇಳಿದ್ದೂ ಇದನ್ನೇ.

1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ನಮಗೆ ಪೂಜ್ಯವಾದ ಹೊಂಬುಜ ಕ್ಷೇತ್ರವು ಈ ಹೊಸನಗರ ತಾಲ್ಲೂಕಿನಲ್ಲೇ ಇರುವುದು. 99 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ 74 ಸ್ಥಾನಗಳನ್ನು ಪಡೆದಿತ್ತು. ಸಮಾಜವಾದಿಗಳು ಬೆರಳೆಣಿಕೆಯಷ್ಟು. ಮತವಿಭಜನೆಯಲ್ಲಿ ಗೆಲ್ಲುವ ಆಸೆಯೇ ಇರಲಿಲ್ಲವಾದ್ದರಿಂದ, ಎದುರು ಪಕ್ಷದವರ ಮನಸ್ಸನ್ನು ಒಲಿಸುವುದೊಂದೇ ಅವರಿಗಿದ್ದ ಮಾರ್ಗ.

ಗೇಣಿ ಹಾಗೂ ಇನಾಂ ರದ್ದತಿಯ ಮಸೂದೆಗಳು ಸದನದ ಮುಂದೆ ಬಂದ ಕಾಲವದು. ಕಂದಾಯ ಸಚಿವರಾಗಿದ್ದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಒಬ್ಬರು ಆಡಳಿತದ ಹೊಣೆ ಹೊತ್ತು, ಸಾಧ್ಯವಾದಷ್ಟನ್ನು ಕ್ರಮವಾಗಿ ಸಾಧಿಸಬೇಕೆಂದವರು. ಇನ್ನೊಬ್ಬರು ಉಳುವವನಿಗೇ ಭೂಮಿ ಸೇರಬೇಕೆಂದು, ವಿಳಂಬವೇ ಅನ್ಯಾಯವೆಂದವರು. ಒಂದೇ ಮಣ್ಣಿನ ಈ ಇಬ್ಬರ ನಿಲುವುಗಳಲ್ಲಿ ಒಂದನ್ನೇ ಪೂರ್ಣಸತ್ಯವೆಂದು ಹಿಡಿದರೆ ಇತಿಹಾಸ ಅರ್ಥವಾಗದು. ಮಂಜಪ್ಪನವರಂಥವರಿಲ್ಲದೆ ಶಾಸನವಿಲ್ಲ, ಗೋಪಾಲಗೌಡರಂಥವರಿಲ್ಲದೆ ಆ ಶಾಸನದ ಕೊರತೆಯನ್ನು ತೋರಿಸುವವರಿಲ್ಲ.

ಆಂಗ್ಲಭಾಷೆಯ ಪ್ರಭಾವ ಇನ್ನೂ ಬಲವಾಗಿದ್ದ ದಿನಗಳಲ್ಲಿ ಗೋಪಾಲಗೌಡರು ಸದನದಲ್ಲಿ ಕನ್ನಡಕ್ಕಾಗಿ ನಿಂತರು. ಕರ್ನಾಟಕದ ಏಕೀಕರಣವನ್ನು ಹಳೆಯ ಮೈಸೂರಿನ ಅನೇಕ ಮುಖಂಡರು ಒಪ್ಪದಿದ್ದಾಗ ಅವರು ಅದನ್ನು ಸಮರ್ಥಿಸಿದರು. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿದಾಗ, ಅದು ಕರ್ನಾಟಕವಾಗಬೇಕೆಂದು ವಾದಿಸಿದರು. ಅವರ ಮಾತು ಹರಿತವಾಗಿತ್ತು, ಕೆಲವೊಮ್ಮೆ ಉದ್ವೇಗಪೂರ್ಣವೂ ಆಗಿತ್ತು. ಆದರೂ ಅದರಲ್ಲಿ ಸ್ವಾರ್ಥದ ಸೋಂಕಿಲ್ಲವೆಂಬುದನ್ನು ಎದುರಾಳಿಗಳೂ ಬಲ್ಲವರಾಗಿದ್ದರು.

ಈ ನಂಬಿಕೆ ಎಲ್ಲಿಂದ ಬಂತು? ಅವರ ಲೆಕ್ಕಪತ್ರದಿಂದ ಎಂದೇ ನನ್ನ ಅಭಿಪ್ರಾಯ. ಚುನಾವಣೆಗೆ ನಿಂತಾಗ ಅವರು ಜನರ ಬಳಿ ಕೇಳುತ್ತಿದ್ದುದು 'ಒಂದು ವೋಟು, ಒಂದು ನೋಟು'. ಮತ ಕೊಡುವವನೇ ತನ್ನ ಶಕ್ತ್ಯನುಸಾರ ಹಣವನ್ನೂ ಕೊಟ್ಟಾಗ, ಶಾಸಕನು ಸಾವಿರಾರು ಬಡವರಿಗೆ ಋಣಿಯಾಗುತ್ತಾನೆಯೇ ಹೊರತು ಒಬ್ಬ ಧನಿಕನಿಗಲ್ಲ. ಸಾಲ ಕೊಟ್ಟವನ ಎದುರು ಸಾಲಗಾರನ ಧ್ವನಿ ತಗ್ಗುವುದನ್ನು ಅಂಗಡಿಯ ಗಲ್ಲೆಯ ಮೇಲೆ ಕುಳಿತವರೆಲ್ಲ ಕಂಡಿದ್ದೇವೆ. ಶಾಸಕನೂ ಇದಕ್ಕೆ ಹೊರತಲ್ಲ. ಗೋಪಾಲಗೌಡರು ಧ್ವನಿ ತಗ್ಗಿಸಬೇಕಾದ ಸಾಲಿಗರನ್ನು ಮಾಡಿಕೊಳ್ಳಲಿಲ್ಲ. ಪದವಿಯಿಂದ ಆಸ್ತಿಯನ್ನೂ ಕೂಡಿಸಲಿಲ್ಲ.

1957ರಲ್ಲಿ ಅವರು ಸೋತರು. ಹೀಗಾಗಿ 1961ರ ಭೂಸುಧಾರಣಾ ಶಾಸನ ರೂಪುಗೊಂಡಾಗ ಸದನದ ಹೊರಗಿದ್ದರು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕರು ಜಮೀನನ್ನು ಮರಳಿ ಪಡೆಯಲು ಆ ಶಾಸನವು ಅವಕಾಶವಿಟ್ಟಿತ್ತು. ಜಾರಿಗೆ ಬಂದದ್ದೂ 1965ರ ಅಕ್ಟೋಬರ್ 2ರಂದು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಆಯ್ಕೆಯಾದ ಗೌಡರು ತಮ್ಮ ವಾದವನ್ನು ಮುಂದುವರಿಸಿದರು. ಅನಾರೋಗ್ಯವು ಅವರನ್ನು ಬಳಲಿಸಿತು. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ, ನಿಧನರಾದರು.

ಮರುತಿಂಗಳೇ ರಾಜ್ಯದ ಹೆಸರನ್ನು ಕರ್ನಾಟಕವೆಂದು ಬದಲಿಸುವ ನಿರ್ಣಯವನ್ನು ಶಾಸನಸಭೆ ಅಂಗೀಕರಿಸಿತು. 1973ರ ನವೆಂಬರ್ 1ರಂದು ಅದು ಕಾರ್ಯಗತವಾಯಿತು. ದೇವರಾಜ ಅರಸು ಅವರ ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗಿ, ಭೂನ್ಯಾಯ ಮಂಡಳಿಗಳ ಮೂಲಕ ಉಳುವವನು ಒಡೆಯನಾದನು. ಕಾಂಗ್ರೆಸ್ಸನ್ನು ಜೀವನವಿಡೀ ವಿರೋಧಿಸಿದವರ ಆಶಯ ಕಾಂಗ್ರೆಸ್ ಸರ್ಕಾರದಿಂದಲೇ ಕೈಗೂಡಿತು. ಅವರ ಪ್ರಭಾವದಲ್ಲಿ ಬೆಳೆದ ಎಸ್. ಬಂಗಾರಪ್ಪ ಹಾಗೂ ಜೆ.ಎಚ್. ಪಟೇಲರು ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡು ತಿಮ್ಮಪ್ಪನವರು ವಿಧಾನಸಭಾಧ್ಯಕ್ಷರೂ ಕಂದಾಯ ಸಚಿವರೂ ಆದರು.

ಆ ಶಾಸನದಿಂದ ನಮ್ಮ ಸಮಾಜದ ಹಲವು ಕುಟುಂಬಗಳು, ಬಸದಿಗಳು, ಮಠಗಳು ಗೇಣಿ ಭೂಮಿಯನ್ನು ಕಳೆದುಕೊಂಡವೆಂಬುದನ್ನು ಮರೆಮಾಚಬೇಕಾಗಿಲ್ಲ. ಧಾರ್ಮಿಕ ಸಂಸ್ಥೆಗಳಿಗೆ ಗೊತ್ತುಪಡಿಸಿದ ವರ್ಷಾಶನವು ಹಿಂದಿನ ಆದಾಯಕ್ಕೆ ಸಮನಲ್ಲವೆಂಬ ಕೊರಗು ಹಿರಿಯರಲ್ಲಿ ಇನ್ನೂ ಇದೆ. ಆ ಕೊರಗು ಸುಳ್ಳಲ್ಲ. ಆದರೆ ತಲೆಮಾರುಗಳ ಕಾಲ ಬೆವರು ಸುರಿಸಿದವನಿಗೆ ನೆಲದ ಹಕ್ಕು ಸಿಕ್ಕಿದ್ದೂ ಸುಳ್ಳಲ್ಲ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಿರೆಂಬ ಉಪದೇಶವನ್ನು ನಾವಾಗಿ ಪಾಲಿಸದಿದ್ದಾಗ, ಕಾನೂನು ಅದನ್ನು ಹೊರಗಿನಿಂದ ಹೇರುತ್ತದೆ.

2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಕೆಂಗೇರಿಯ ಸುತ್ತಣ ಹೊಲಗಳು ಬಡಾವಣೆಗಳಾಗಿರುವುದನ್ನು ನಾವೆಲ್ಲ ಬಲ್ಲೆವು. ಕೊಳ್ಳುವ ಶಕ್ತಿಯುಳ್ಳವರು ನಮ್ಮಲ್ಲಿ ಅನೇಕರಿದ್ದಾರೆ. ಕಾನೂನು ಕೊಟ್ಟ ಅವಕಾಶವನ್ನು ಬಳಸುವುದು ತಪ್ಪಲ್ಲ. ಆದರೆ ಮಾರುವವನ ಅಗತ್ಯವನ್ನು ನೋಡಿ ಬೆಲೆ ಇಳಿಸುವುದು ಕಾಗೋಡಿನ ದೊಡ್ಡ ಕೊಳಗವೇ ಸರಿ.

ನಮ್ಮ ಟ್ರಸ್ಟ್‌ಗಳ ಸಭೆಗಳಲ್ಲಿಯೂ ಭಿನ್ನಮತ ಹೇಳುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಬಹುಮತದಿಂದ ಸುಮ್ಮನಾಗಿಸುವುದು ಸುಲಭ. ಅವರ ಮಾತನ್ನು ಪೂರ್ಣವಾಗಿ ಕೇಳಿ ನಡಾವಳಿ ಪುಸ್ತಕದಲ್ಲಿ ಯಥಾವತ್ತಾಗಿ ಬರೆಯಿಸುವುದು ಧರ್ಮ. ಇಂದು ಮತವಿಲ್ಲದ ಮಾತು ನಾಳೆಯ ಸಭೆಗೆ ದಾರಿ ತೋರಬಹುದು.