ಸುಂಕ ಇಳಿದಾಗ ಕೈಯ ಬೆಲೆಯೂ ಇಳಿಯಿತು

ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ. ಎಲ್ಲವೂ ತೆರಿಗೆಯ ದೆಸೆಯಿಂದ ಮುಚ್ಚಿದವಲ್ಲ, ಗೋಡೆಯ ಅಂದಕ್ಕೆಂದು ಕಟ್ಟಿದವೂ ಉಂಟು. ಆದರೂ 1696ರಿಂದ 1851ರವರೆಗೆ ಅಲ್ಲಿ ಜಾರಿಯಲ್ಲಿದ್ದ ಕಿಟಕಿ ತೆರಿಗೆ ಮನೆಗಳ ಬೆಳಕನ್ನು ಕಿತ್ತುಕೊಂಡಿತು ಎಂಬ ಮಾತು ಸುಳ್ಳಲ್ಲ. ಗಾಜು ಕೂರಿಸುವವರ ಇತಿಹಾಸ ಹೇಳುವವರೂ ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಆ ತೆರಿಗೆ ಮುಟ್ಟಿದ್ದು ಮನೆಯವರ ಜೇಬನ್ನು. ಕಸುಬಿನವನ ಕೈಯನ್ನು ರೂಪಿಸಿದ್ದು ಇನ್ನೊಂದು: 18ನೆಯ ಶತಮಾನದ ನಡುವಿನಲ್ಲಿ ಗಾಜಿನ ತೂಕದ ಮೇಲೆ ಹೇರಿ, 1845ರಲ್ಲಿ ತೆಗೆದುಹಾಕಿದ ಸುಂಕ. ಆ ಕಸುಬಿನ ಜಾಣ್ಮೆ ಬೆಳೆದದ್ದು ಗಾಜಿನ ದುಬಾರಿ ಬೆಲೆಯ ನೆರಳಿನಲ್ಲಿ. ಬೆಲೆ ಇಳಿದಾಗ ಅದೂ ಇಳಿಯಿತು ಎಂಬುದು ನನ್ನ ವಾದ.

ಅಂದಿನ ಕಿಟಕಿಗೆ ಬರುತ್ತಿದ್ದುದು ಹೆಚ್ಚಾಗಿ ಕ್ರೌನ್ ಗಾಜು. ಕೊಳವೆಯಿಂದ ಊದಿದ ಗುಂಡನೆಯ ಗಾಜನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ, ಕುಲುಮೆಯ ಬಾಯಲ್ಲಿ ಗಿರಗಿರನೆ ತಿರುಗಿಸಿದರೆ ಅದು ಥಟ್ಟನೆ ಅರಳಿ, ನಾಲ್ಕಡಿಗೂ ಮೀರಿದ ಅಗಲದ ತಟ್ಟೆಯಾಗುತ್ತಿತ್ತು. ಸಲಾಕೆ ಅಂಟಿದ್ದ ನಡುಭಾಗದಲ್ಲಿ ದಪ್ಪನೆಯ ಗಂಟು ಉಳಿಯುತ್ತಿತ್ತು. ದುಂಡನೆಯ ತಟ್ಟೆ, ಚೌಕನೆಯ ಕಿಟಕಿ! ಗಂಟನ್ನು ತಪ್ಪಿಸಿ, ಅಂಚಿನ ಬಾಗನ್ನು ಬಿಟ್ಟು, ಒಂದು ತಟ್ಟೆಯಲ್ಲಿ ಎಷ್ಟು ಚೌಕ ಸಿಕ್ಕೀತು ಎಂದು ಮೊದಲೇ ಲೆಕ್ಕ ಹಾಕಿ ವಜ್ರದ ಮೊನೆಯಿಂದ ಗೀರುವುದೇ ನಿಜವಾದ ಪರಿಣತಿ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಪುಟ್ಟಿಯನ್ನು ಚೌಕಟ್ಟಿನ ಅಂಚಿಗೆ ಮೆತ್ತುವುದನ್ನು ಹುಡುಗನೂ ಬೇಗ ಕಲಿಯಬಹುದಿತ್ತು. ತೂಕಕ್ಕೆ ಸುಂಕ ತೆತ್ತು ಬಂದ ಗಾಜಿನಲ್ಲಿ ಒಂದು ಚೌಕ ಹೆಚ್ಚು ತೆಗೆಯಬಲ್ಲವನಿಗೆ ಮಾತ್ರ ಬೆಲೆ ಇತ್ತು.

ಇದಕ್ಕೊಂದು ಆಕ್ಷೇಪ ಬರುವುದು ಸಹಜ: ಕಸುಬನ್ನು ಬದಲಿಸಿದ್ದು ಸುಂಕವಲ್ಲ, ಗಾಜು ಮಾಡುವ ಹೊಸ ವಿಧಾನ. ಗಾಜನ್ನು ಉದ್ದನೆಯ ಉರುಳೆಯಾಗಿ ಊದಿ, ಉದ್ದಕ್ಕೆ ಸೀಳಿ, ಕುಲುಮೆಯಲ್ಲಿ ಚಪ್ಪಟೆ ಮಾಡುವ ಆ ಪದ್ಧತಿಯಲ್ಲಿ ಗಂಟೂ ಇಲ್ಲ, ಬಾಗೂ ಇಲ್ಲ. ಮಾತು ಅರ್ಧ ನಿಜ. ಆದರೆ ಇಂಗ್ಲೆಂಡಿನ ಚಾನ್ಸ್ ಸೋದರರ ಗಾಜಿನ ಕಾರ್ಖಾನೆಗೆ ಫ್ರಾನ್ಸಿನಿಂದ ಆ ವಿಧಾನ ಬಂದದ್ದು 1832ರಲ್ಲಿ. ಹದಿಮೂರು ವರ್ಷ ಅದು ಕೈಯಲ್ಲಿದ್ದರೂ ಕ್ರೌನ್ ಗಾಜು ಮೂಲೆ ಸೇರಲಿಲ್ಲ. ತೂಕಕ್ಕೆ ಸುಂಕವಿದ್ದಾಗ ತೆಳುವಾದ, ಹೊಳಪಿನ ಕ್ರೌನ್ ತಟ್ಟೆಯೇ ಲಾಭ. ವಿಧಾನ ಬಾಗಿಲಲ್ಲಿ ಕಾದಿತ್ತು. ಬಾಗಿಲು ತೆರೆದದ್ದು 1845ರ ಕಾನೂನು.

ಅದರ ಫಲ ಕಣ್ಣಿಗೆ ಬಿದ್ದದ್ದು 1851ರ ಮೇ 1ರಂದು ಲಂಡನ್ನಿನಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸಿನಲ್ಲಿ. ಜೋಸೆಫ್ ಪ್ಯಾಕ್ಸ್ಟನ್ ರೂಪಿಸಿದ ಆ ಕಟ್ಟಡಕ್ಕೆ ಬೇಕಾದ ಸುಮಾರು 3 ಲಕ್ಷ ಗಾಜನ್ನು ಚಾನ್ಸ್ ಕಾರ್ಖಾನೆಯೇ ಒದಗಿಸಿತು. ಮಾಡಿನ ಗಾಜಿಗೆ ಒಂದೇ ಅಳತೆ, 49 ಇಂಚು ಉದ್ದ, 10 ಇಂಚು ಅಗಲ. ಮಾಡಿನ ದೋಣಿಗಳನ್ನೇ ಹಳಿ ಮಾಡಿಕೊಂಡು ಉರುಳುವ ಗಾಡಿಗಳಲ್ಲಿ ಕೂತು 80 ಜನ ಒಂದೇ ವಾರದಲ್ಲಿ 18 ಸಾವಿರಕ್ಕೂ ಹೆಚ್ಚು ಗಾಜು ಕೂರಿಸಿದರು. ಕತ್ತರಿಸುವ ಲೆಕ್ಕಾಚಾರ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಕೆಲಸ ಹೆಚ್ಚಿತಲ್ಲ, ಕಸುಬಿಗೆ ಲಾಭವೇ ಆಯಿತಲ್ಲ ಎಂದು ಕೇಳಬಹುದು. ಕೆಲಸ ಹೆಚ್ಚಿದ್ದು ನಿಜ. ಆದರೆ ಅಲ್ಲಿನ ಗಾಜಿನವರು ಕೂಲಿ ಏರಿಸಿ ಎಂದು ಮುಷ್ಕರ ಹೂಡಿದಾಗ ಮುಂದಾಳುಗಳನ್ನು ಕೆಲಸದಿಂದ ತೆಗೆಯಲಾಯಿತು, ಕಟ್ಟಡ ನಿಲ್ಲಲಿಲ್ಲ. ಬದಲಿ ಆಳು ಸುಲಭವಾಗಿ ಸಿಗುವ ಕಡೆ ಕಸುಬುದಾರನ ಮಾತು ನಡೆಯುವುದಿಲ್ಲ.

ಲಾಲ್‌ಬಾಗಿನ ಗಾಜಿನ ಮನೆ ಕ್ರಿಸ್ಟಲ್ ಪ್ಯಾಲೇಸಿನದೇ ವಂಶದ ಕುಡಿ. 1889ರಲ್ಲಿ ಅಡಿಗಲ್ಲು ಬಿದ್ದ ಅದರ ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ಕಾರ್ಖಾನೆಯಿಂದ. ಅಂದರೆ ಚೌಕಟ್ಟಿನ ಅಳತೆ ಬೆಂಗಳೂರನ್ನು ಮುಟ್ಟುವ ಮೊದಲೇ ಅಚ್ಚಿನಲ್ಲಿ ತೀರ್ಮಾನವಾಗಿತ್ತು. ಅಗ್ಗದ ಗಾಜು ಬಡವನ ಮನೆಗೂ ಬೆಳಕು ತಂದಿತು, ಅದು ದೊಡ್ಡ ಲಾಭವೇ. ಆದರೆ ಆ ಲಾಭದ ಲೆಕ್ಕ ಬರೆಯುವಾಗ ಖರ್ಚಿನ ಕಡೆ ಒಂದು ಸಾಲು ಇರಲೇಬೇಕು: ದುಂಡು ತಟ್ಟೆಯಲ್ಲಿ ಚೌಕ ಕಾಣುತ್ತಿದ್ದ ಕಣ್ಣು.