ಜೋಲಿ ತೂಗಿದವರು ಯಾರು? ಗೋವೆಯ ಕನ್ನಡ ದುಡಿಮೆಗಾರರ ಮಕ್ಕಳ ನಿದ್ದೆಯ ಚರಿತ್ರೆ

ನಾನು ಎತ್ತಿಕೊಂಡ ವಿಷಯ ಸಣ್ಣದು ಅನ್ನಿಸಬಹುದು. ಈಗಷ್ಟೇ ನಡೆಯಲು ಕಲಿತ, ಒಂದರಿಂದ ಮೂರು ವರ್ಷದ ಮಗು ಹಗಲು ಹೊತ್ತಿನಲ್ಲಿ ಹೇಗೆ ಮಲಗುತ್ತದೆ? ಮಲಗಿದ ಮೇಲೆ ಏಳದ ಹಾಗೆ ಯಾರು ನೋಡಿಕೊಳ್ಳುತ್ತಾರೆ? ಕೂಲಿಗೆ ಹೋಗುವ ತಾಯಂದಿರ ಮಟ್ಟಿಗೆ ಇದು ಜಾನಪದದ ಪ್ರಶ್ನೆಯಾಗುವ ಮೊದಲು ಕಾರ್ಮಿಕ ಚರಿತ್ರೆಯ ಪ್ರಶ್ನೆ ಎಂಬುದು ನನ್ನ ವಾದ.

1931ರಿಂದ ಶುರು ಮಾಡ್ತೀನಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಆ ವರ್ಷ ‘ಗರತಿಯ ಹಾಡು’ ಪ್ರಕಟಿಸಿದರು. ಕಂದನ ಮೇಲಿನ ತ್ರಿಪದಿಗಳ ಬಗ್ಗೆ ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ, ಹೆಚ್ಚಾಗಿ ತಾಯ್ತನದ ಮಮತೆ ಅಂತ. ಆದರೆ ತ್ರಿಪದಿ ಬೀಸುಕಲ್ಲಿನ ಮುಂದೆ ಬೆಳೆದ ಹಾಡು. ಕೈ ಕಲ್ಲು ತಿರುಗಿಸುತ್ತಿತ್ತು, ಮಗು ತೊಡೆಯ ಮೇಲೋ ಪಕ್ಕದ ಕೌದಿಯ ಮೇಲೋ ಇರುತ್ತಿತ್ತು. ಕಲ್ಲಿನ ಒಂದೇ ಸಮನೆಯ ಸದ್ದು, ತಾಯಿಯ ದನಿ, ಅವಳ ಮೈಯ ತೂಗಾಟ ಮೂರೂ ಒಂದೇ ಲಯದಲ್ಲಿ ಸಾಗುತ್ತಿದ್ದವು. ಅಂದ್ರೆ ಮನೆಗೆಲಸವೇ ಮಗುವನ್ನು ಮಲಗಿಸುತ್ತಿತ್ತು. ‘ಗರತಿ’ ಎಂಬ ಹೆಸರೇ ಮನೆಯೊಳಗಿನ ಹೆಂಗಸನ್ನು ಸೂಚಿಸುತ್ತದೆ, ಗಮನಿಸಿ.

ಅದೇ 1931ರಲ್ಲಿ ಭಾರತದ ಕಾರ್ಮಿಕರ ಕುರಿತ ರಾಯಲ್ ಕಮಿಷನ್, ನಾವು ವಿಟ್ಲಿ ಆಯೋಗ ಅಂತೀವಿ, ತನ್ನ ವರದಿ ಕೊಟ್ಟಿತು. ಗಿರಣಿಗೆ ಹೋಗುವ ತಾಯಂದಿರು ಮಕ್ಕಳನ್ನು ಮಲಗಿಸಲು ಅಫೀಮು ಕೊಡುವ ವಿಚಾರ ಅದರಲ್ಲಿದೆ. ಮುಂಬಯಿಯಲ್ಲಿ ಇದಕ್ಕೆ ‘ಬಾಲಗೋಲಿ’ ಎಂದೇ ಹೆಸರು. ಸೈರನ್ನಿಗೆ ಹೋಗಿ ಸೈರನ್ನಿಗೆ ಬರುವವಳು ಮಗು ನಡುವೆ ಏಳದ ಹಾಗೆ ಮಾಡಲೇಬೇಕಿತ್ತು. ಆಗ ವಿಜಯಪುರ, ಧಾರವಾಡ, ಬೆಳಗಾವಿಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಒಂದೇ ಪ್ರಾಂತ್ಯ, ಒಂದೇ ವರ್ಷ. ಆದರೂ ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದುವ ರೂಢಿ ನಮ್ಮಲ್ಲಿಲ್ಲ.

ಈಗ ಗೋವೆಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಮೂಲಕ ಹುಬ್ಬಳ್ಳಿ ಕಡೆಗೆ ರೈಲು ಬಂತು. ಎರಡನೇ ಮಹಾಯುದ್ಧದ ನಂತರ ಕಬ್ಬಿಣದ ಅದಿರಿನ ಗಣಿಗಳು ಬೆಳೆದವು. ಯಂತ್ರ ಬರುವ ಮೊದಲು ಅದಿರು ಬುಟ್ಟಿಯಲ್ಲಿ, ಹೆಂಗಸರ ತಲೆಯ ಮೇಲೆ ಸಾಗುತ್ತಿತ್ತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಮುಗಿದ ಮೇಲೆ ಕಟ್ಟಡ, ರಸ್ತೆ, ಬಂದರಿನ ಕೆಲಸಕ್ಕೆ ಉತ್ತರ ಕರ್ನಾಟಕದ ಕುಟುಂಬಗಳು ಹೆಚ್ಚು ಹೆಚ್ಚು ಬಂದವು. ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ.

ಬೀಸುಕಲ್ಲು ಊರಲ್ಲೇ ಉಳಿಯಿತು. ಅವರ ಜೊತೆ ಬಂದದ್ದು ಜೋಲಿ. ಹಳೆ ಸೀರೆ, ಎರಡು ಕಂಬ ಅಥವಾ ಮರದ ಕೊಂಬೆ, ಅಷ್ಟು ಸಾಕು. ಬಟ್ಟೆ ಮಗುವನ್ನು ಸುತ್ತಿ ಹಿಡಿಯುತ್ತದೆ, ಒಳಗೆ ಕತ್ತಲು, ನೊಣ ಕಡಿಮೆ. ತೂಗಿದರೆ ನಿದ್ದೆ ಬರುತ್ತದೆ ಅನ್ನುವುದು ಬರೀ ನಂಬಿಕೆಯೂ ಅಲ್ಲ: 2011ರಲ್ಲಿ ಜಿನೀವಾದ ಸಂಶೋಧಕರು ದೊಡ್ಡವರನ್ನೇ ತೂಗುವ ಹಾಸಿಗೆಯಲ್ಲಿ ಮಲಗಿಸಿ, ಅವರು ಬೇಗ ನಿದ್ದೆಗೆ ಜಾರುವುದನ್ನು ದಾಖಲಿಸಿದರು. ಕಷ್ಟ ಇರುವುದು ಮುಂದೆ. ತೂಗುವುದು ನಿಂತರೆ ಮಗು ಕಣ್ಣು ಬಿಡುತ್ತದೆ. ಆರು ತಿಂಗಳ ಕೂಸಾದರೆ ಅಳುತ್ತದೆ, ಅಷ್ಟೇ. ಎರಡು ವರ್ಷದ್ದು ಇಳಿದು ನಡೆಯುತ್ತದೆ. ಸುತ್ತಲೂ ಜಲ್ಲಿ, ಸುಣ್ಣದ ಗುಂಡಿ, ಹಿಂದಕ್ಕೆ ಬರುವ ಲಾರಿ. ಹಾಗಾಗಿ ಕೆಲಸದ ಜಾಗದಲ್ಲಿ ಒಂದೋ ಕಾಲಿಗೆ ಹಗ್ಗ ಕಟ್ಟುತ್ತಾರೆ, ಇಲ್ಲವೇ ಜೋಲಿಯ ಪಕ್ಕ ಅಕ್ಕನನ್ನು ಕೂರಿಸುತ್ತಾರೆ. ಅಕ್ಕ ಅಂದ್ರೆ ಏಳೆಂಟು ವರ್ಷದ ಹುಡುಗಿ. ತಮ್ಮನ ನಿದ್ದೆಗೆ ಬೆಲೆ ಕೊಟ್ಟವಳು ಅವಳು, ತನ್ನ ಶಾಲೆಯ ರೂಪದಲ್ಲಿ.

ಕಾನೂನು ಇರಲಿಲ್ಲವೇ ಅಂದ್ರೆ, ಇತ್ತು. 1948ರ ಕಾರ್ಖಾನೆ ಕಾಯ್ದೆ ಶಿಶುಪಾಲನಾ ಕೋಣೆ ಬೇಕೆಂದಿತು. 1966ರ ನಿಯಮಗಳು ಹೆಂಗಸರು ದುಡಿಯುವ ಗಣಿಗಳಿಗೂ ಅದನ್ನು ವಿಧಿಸಿದವು. ಕಟ್ಟಡ ಕಾರ್ಮಿಕರಿಗೆ ಮಾತ್ರ 1996ರ ತನಕ ಕಾಯಬೇಕಾಯಿತು, ಅದೂ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ. ಹತ್ತು ಮಂದಿ ಒಬ್ಬ ಮೇಸ್ತ್ರಿಯ ಕೈಕೆಳಗೆ, ಹದಿನೈದು ಮಂದಿ ಇನ್ನೊಬ್ಬನ ಕೈಕೆಳಗೆ ಇರುವ ಕಡೆ ಐವತ್ತರ ಲೆಕ್ಕ ಯಾರು ಕೂಡಿಸುತ್ತಾರೆ? ದೆಹಲಿಯಲ್ಲಿ ಮೀರಾ ಮಹಾದೇವನ್ 1969ರಲ್ಲೇ, ಗಾಂಧಿ ಶತಮಾನೋತ್ಸವದ ಕಟ್ಟಡ ಏಳುತ್ತಿದ್ದ ಜಾಗದಲ್ಲಿ, ಡೇರೆಯೊಳಗೆ ಇಂಥ ಮಕ್ಕಳನ್ನು ಮಲಗಿಸಲು ಶುರು ಮಾಡಿದ್ದರು. ಕಾಯ್ದೆಗಿಂತ ಇಪ್ಪತ್ತೇಳು ವರ್ಷ ಮೊದಲು.

ಚಾಟ್‌ನಲ್ಲಿ ಒಂದು ಪ್ರಶ್ನೆ ಇದೆ: “ಹಾಗಾದರೆ ವಲಸೆ ಹೋದವರಲ್ಲಿ ಜೋಗುಳ ನಿಂತುಹೋಯಿತಾ?” ಇಲ್ಲ, ಹಾಡುವವರು ಬದಲಾದರು. ನಾವು ಅಜ್ಜಿಯನ್ನು ಹುಡುಕಿಕೊಂಡು ಹೋಗ್ತೀವಿ, ಅವಳು ಊರಲ್ಲಿ ಕಲಿತದ್ದನ್ನು ಹಾಡ್ತಾಳೆ, ನಾವು ಬರ್ಕೊಂಡು ಬರ್ತೀವಿ. ಜೋಲಿ ತೂಗಿದ ಹುಡುಗಿ ಸಿನಿಮಾ ಪದವನ್ನೋ, ಕೊಂಕಣಿಯ ಅರ್ಧ ಸಾಲನ್ನೋ ಗುನುಗಿದ್ದರೆ ಅದು ಜೋಗುಳ ಅಂತ ನಮ್ಮ ಪಟ್ಟಿಗೆ ಬರುವುದೇ ಇಲ್ಲ. ಮುಂದಿನ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಎರಡು ಸಾಲು ಸೇರಿಸಿ ಅಂತ ಸಂಚಾಲಕರನ್ನು ಕೇಳ್ಕೋತೀನಿ: ಶಾಲೆಯನ್ನು ಎಷ್ಟನೇ ಇಯತ್ತೆಯಲ್ಲಿ ಬಿಟ್ಟಿರಿ? ಆಗ ಮನೆಯಲ್ಲಿದ್ದ ಕೂಸಿಗೆ ಎಷ್ಟು ತಿಂಗಳು?